ಮಗನ ಬದಲಿಗೆ ಬಂದವರು

ನನ್ನ ಮಾವ ಬೀರಪ್ಪನವರಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಕುಮಟಾ ಹತ್ತಿರದ ಬಾಡದಲ್ಲಿ ಅವರದು ತರಕಾರಿ ಬೇಸಾಯ. ಗದ್ದೆಯ ಆ ತುದಿಯಲ್ಲಿ ನಿಂತು "ಚಾ ಆತಾ?" ಎಂದು ಕೇಳಿದರೆ ಅಡುಗೆಮನೆಯಲ್ಲಿದ್ದ ನನಗೆ ಮಾತ್ರವಲ್ಲ, ನಡುವಿನ ಮನೆಗಳವರಿಗೂ ಕೇಳಿಸುತ್ತಿತ್ತು. "ಇದು ಯಾರ ಹತ್ರವೂ ಹೇಳೂದು ಬೇಡ" ಎಂದು ಅವರು ಗುಟ್ಟು ಹೇಳಿದರೆ ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು. ಎತ್ತರದ ಆಳು, ಮೊಣಕಾಲಿನ ಮೇಲೆ ಎತ್ತಿ ಕಟ್ಟಿದ ಪಂಚೆ, ಹೆಗಲ ಮೇಲೆ ಯಾವಾಗಲೂ ಒಂದು ಚೌಕಳಿ ಟವೆಲು. ನಾನು ಮದುವೆಯಾಗಿ ಹೋದ ಹೊಸತರಲ್ಲಿ ಅವರು ಬಯ್ಯುತ್ತಿದ್ದಾರೆಂದು ತಿಳಿದು ಹೆದರುತ್ತಿದ್ದೆ. ಅವರು ನನಗೆ ಊಟಕ್ಕೆ ಕೂರಲು ಹೇಳುತ್ತಿದ್ದರು, ಅಷ್ಟೇ.

ಅತ್ತೆ ನಾನು ಹೋಗುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಮಾವ, ಅವರ ಒಬ್ಬನೇ ಮಗ ಮಂಜುನಾಥ, ನಾನು. ಆಮೇಲೆ ನಮ್ಮ ಮಗಳು ಶ್ರಾವ್ಯ ಬಂದಳು. ಮಗು ಮಲಗಿದೆ ಎಂದು ಸನ್ನೆ ಮಾಡಿದರೆ ಮಾವ ಬಾಯಿಗೆ ಟವೆಲು ಅಡ್ಡ ಇಟ್ಟುಕೊಂಡು ಮಾತಾಡುತ್ತಿದ್ದರು. ಆದರೂ ಮಗು ಎಚ್ಚರವಾಗುತ್ತಿತ್ತು. ಎದ್ದರೂ ಅಳುತ್ತಿರಲಿಲ್ಲ. ಆ ದನಿ ಬಂದ ಕಡೆ ಕತ್ತು ತಿರುಗಿಸಿ ಅಜ್ಜನನ್ನು ಹುಡುಕುತ್ತಿತ್ತು.

ಗಂಡನಿಗೂ ನನಗೂ ನಡುವೆ ಆದದ್ದೆಲ್ಲ ಇಲ್ಲಿ ಬೇಡ. ಮಗಳಿಗೆ ಐದು ತುಂಬುವ ಮೊದಲೇ ನಾನು ಅವಳನ್ನು ಎತ್ತಿಕೊಂಡು ಭಟ್ಕಳದ ಹತ್ತಿರ ಹೆಬಳೆಯ ತವರಿಗೆ ಬಂದೆ. ಭಟ್ಕಳ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಹೊರಟ ದಿನ ಮಾವ ನನ್ನನ್ನು ತಡೆಯಲಿಲ್ಲ. ಬಸ್‌ಸ್ಟಾಪಿನವರೆಗೆ ಚೀಲ ಹೊತ್ತುಕೊಂಡು ಬಂದರು. ದಾರಿಯಲ್ಲಿ ಯಾರೋ "ತವರಿಗಾ?" ಎಂದು ಕೇಳಿದಾಗ ಅವರು ತಲೆ ತಗ್ಗಿಸಿ ನಡೆದರು. ಆ ಮನುಷ್ಯ ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅಂದೇ ಮೊದಲು.

ಎರಡು ವರ್ಷ ಕೋರ್ಟಿಗೆ ಅಲೆದ ಮೇಲೆ ವಿಚ್ಛೇದನ ಆಯಿತು. ಮಗಳು ನನ್ನ ಹತ್ತಿರ ಇರಬೇಕು, ಅವಳ ಖರ್ಚಿಗೆ ಅಪ್ಪ ತಿಂಗಳು ತಿಂಗಳು ಕೊಡಬೇಕು, ತಿಂಗಳಿಗೆ ಎರಡು ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಅವನಿಗೆ ಮಗಳನ್ನು ನೋಡುವ ಹಕ್ಕು ಉಂಟು ಎಂದು ಆದೇಶವಾಯಿತು. ಆ ಕೊನೆಯದಕ್ಕಾಗಿ ಮಂಜುನಾಥ ಬಹಳ ಜಗಳ ಮಾಡಿದ್ದ. "ನಾನು ಅವಳ ಅಪ್ಪ. ನನಗೂ ಹಕ್ಕಿದೆ" ಎಂದು ಕೋರ್ಟಿನ ವರಾಂಡದಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ್ದ. ಹಕ್ಕಿದ್ದದ್ದು ನಿಜ. ನಮ್ಮ ವಕೀಲರೂ ನನಗೆ ಅದನ್ನೇ ಹೇಳಿದ್ದರು: "ನೋಡಮ್ಮ, ಅವನು ನಿನಗೆ ಗಂಡನಾಗಿ ಉಳಿದಿಲ್ಲ. ಮಗುವಿಗೆ ಅಪ್ಪ ಅಪ್ಪನೇ. ನೀನು ತಡೆದರೆ ತಪ್ಪು ನಿನ್ನದಾಗುತ್ತದೆ."

ಭೇಟಿಗೆ ಎರಡೂ ಕಡೆಯವರು ಒಪ್ಪಿದ ಜಾಗ ಹೊನ್ನಾವರದ ಒಂದು ವಾಚನಾಲಯ. ನಮಗೂ ಅವರಿಗೂ ನಡುವಿನ ಊರು, ಭಾನುವಾರವೂ ತೆರೆದಿರುತ್ತಿತ್ತು. ಮುಂದೆ ಬೆಂಚು ಹಾಕಿದ ಜಗಲಿ, ಒಳಗೆ ಪತ್ರಿಕೆ ಓದುವವರ ಉದ್ದ ಮೇಜು. ಮಂಜುನಾಥ ಮೊದಲ ಕೆಲವು ತಿಂಗಳು ಬಂದ. ಚಾಕಲೇಟು ತಂದ, ಮಗಳ ಜೊತೆ ಫೋಟೋ ತೆಗೆದ. ಆಮೇಲೆ ತಡವಾಗಿ ಬರತೊಡಗಿದ. ಅಷ್ಟರಲ್ಲಿ ಅವನಿಗೆ ಇನ್ನೊಂದು ಮದುವೆಯೂ ಆಗಿತ್ತು. ಒಂದು ಭಾನುವಾರ ಹತ್ತು ಗಂಟೆಯಾಯಿತು, ಹನ್ನೊಂದಾಯಿತು, ಅವನು ಬರಲಿಲ್ಲ. ಫೋನು ಎತ್ತಲಿಲ್ಲ. ಹೊಸ ಫ್ರಾಕು ಹಾಕಿಕೊಂಡು ಬಂದಿದ್ದ ಮಗಳು ಬೆಂಚಿನ ತುದಿಯಲ್ಲಿ ಕೂತು ಕಾಲು ಆಡಿಸುತ್ತಿದ್ದಳು.

ಇನ್ನು ಹೊರಡೋಣ ಎಂದು ನಾನು ಎದ್ದಾಗ ಗೇಟಿನಲ್ಲಿ ಮಾವ ಕಾಣಿಸಿದರು. ಓಡಿಕೊಂಡು ಬಂದವರಂತೆ ಏದುಸಿರು. ಕೈಯಲ್ಲಿ ಹರಿವೆ ಸೊಪ್ಪಿನ ಕಟ್ಟು.

"ಮಂಜುಗೆ ಜ್ವರ, ತಂಗಿ. ಏಳೂಕೆ ಆಗೂದಿಲ್ಲ ಅಂದ. ಕೂಸು ಕಾಯ್ತಾ ಇರ್ತದೆ, ನೀನಾದ್ರೂ ಹೋಗು ಅಂದ" ಎಂದರು. ಸೊಸೆಯಾದ ನನ್ನನ್ನು ಅವರು ಮೊದಲಿನಿಂದಲೂ ತಂಗಿ ಎಂದೇ ಕರೆಯುತ್ತಿದ್ದರು.

ವಾಚನಾಲಯ ನೋಡಿಕೊಳ್ಳುವಾತ ಒಳಗಿನಿಂದ ಎದ್ದು ಬಂದು, "ಅಜ್ಜ, ಇಲ್ಲಿ ಸ್ವಲ್ಪ ಮೆಲ್ಲಗೆ" ಎಂದ. ಮಾವ ಗಾಬರಿಯಾಗಿ ಬಾಯಿಗೆ ಟವೆಲು ಹಿಡಿದುಕೊಂಡರು. ಶ್ರಾವ್ಯ ನಕ್ಕಳು. ಆ ದಿನ ಅವಳು ಮೊದಲು ನಕ್ಕದ್ದು ಆಗಲೇ.

ಮುಂದಿನ ಸಲವೂ ಮಾವನೇ ಬಂದರು. ಮಗನಿಗೆ ಅವನು ದುಡಿಯುವ ಅಂಗಡಿಯಲ್ಲಿ ತುರ್ತು ಕೆಲಸ ಎಂದರು. ಅದರ ಮುಂದಿನ ಸಲ ಬೈಕು ಕೆಟ್ಟಿತ್ತು. ಮಾವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಹೇಳುವಾಗ ನನ್ನ ಮುಖ ನೋಡದೆ ಜಗಲಿಯ ನೆಲ ನೋಡುತ್ತಿದ್ದರು. ನಾನೂ ನಂಬಿದವಳಂತೆ "ಹೌದಾ ಮಾವ" ಎನ್ನುತ್ತಿದ್ದೆ. ಕೊನೆಗೆ ಒಂದು ದಿನ ಅವರು ಬಂದು ಬೆಂಚಿನ ಮೇಲೆ ಕೂತು, ಮಗಳು ನೀರು ಕುಡಿಯಲು ಒಳಗೆ ಹೋದಾಗ ಹೇಳಿದರು:

"ಇವತ್ತು ಎಂತ ಹೇಳೂದು ಅಂತ ಬಸ್ಸಲ್ಲಿ ಕೂತು ಯೋಚನೆ ಮಾಡ್ದೆ. ಎಂತದೂ ಹೊಳೀಲಿಲ್ಲ. ಅಂವ ಮನೇಲೇ ಇದ್ದ, ತಂಗಿ. ಟಿವಿ ನೋಡ್ತಾ ಇದ್ದ. ನಂಗೆ ನಿನ್ನ ಮುಂದೆ ಕೂತ್ಕೊಳ್ಳೂಕೇ ನಾಚಿಕೆ."

"ನೀವು ಯಾಕೆ ನಾಚಬೇಕು ಮಾವ?"

"ಮತ್ಯಾರು ನಾಚೂದು? ಅಂವಗೆ ಆಗೂದಿಲ್ಲ. ಯಾರಿಗಾದ್ರೂ ಆಗ್ಬೇಕಲ್ಲ."

ಅಂದಿನಿಂದ ಸುಳ್ಳು ನಿಂತಿತು. ಬರುವುದು ನಿಲ್ಲಲಿಲ್ಲ. ಬಾಡದಿಂದ ಕುಮಟಾಕ್ಕೆ, ಅಲ್ಲಿಂದ ಹೊನ್ನಾವರಕ್ಕೆ ಬಸ್ಸು ಬದಲಿಸಿಕೊಂಡು ಹನ್ನೊಂದರ ಸುಮಾರಿಗೆ ಬರುತ್ತಿದ್ದರು. ಬೆಂಡೆ, ಬದನೆ, ಎಳೆ ಸೌತೆಕಾಯಿ ಏನಾದರೂ ತರುತ್ತಿದ್ದರು. ಹಟ ಹಿಡಿದು ಮೆಲ್ಲಗೆ ಮಾತಾಡಲು ಕಲಿತರು. ಮೊಮ್ಮಗಳ ಕಿವಿಯ ಹತ್ತಿರ ಬಾಯಿ ಇಟ್ಟು ಗದ್ದೆಗೆ ಬಂದ ನವಿಲಿನ ಕಥೆ ಹೇಳುತ್ತಿದ್ದರು. ಅವರ ಪಿಸುಮಾತೆಂದರೆ ಬೇರೆಯವರ ಸಾಧಾರಣ ಮಾತು. ಪತ್ರಿಕೆ ಓದುವವರೂ ನವಿಲಿನ ಕಥೆ ಕೇಳುತ್ತಿದ್ದರು. ಒಮ್ಮೆ ಒಬ್ಬರು ಪತ್ರಿಕೆ ಮಡಚಿಟ್ಟು "ಮುಂದೆ ಎಂತಾತು?" ಎಂದು ಕೇಳಿಯೇಬಿಟ್ಟರು.

ಒಂದು ಗಂಟೆಗೆ ಹೊರಡುವಾಗ ಮಾವ ಪ್ರತಿ ಸಲವೂ ನನ್ನನ್ನು ಒಂದು ಮಾತು ಕೇಳುತ್ತಿದ್ದರು. "ಮುಂದಿನ ಸಲ ಬರ್ಲಾ?" ನಾನು ಬನ್ನಿ ಎನ್ನುತ್ತಿದ್ದೆ. ವಕೀಲರಿಗೆ ಇದನ್ನು ಹೇಳಿದಾಗ ಅವರು, "ಆದೇಶದಲ್ಲಿ ಇರುವುದು ಅಪ್ಪನ ಹೆಸರು. ಅಜ್ಜನಿಗೆ ತೋರಿಸಲೇಬೇಕು ಅಂತ ಇಲ್ಲ. ತೋರಿಸಬಾರದು ಅಂತಲೂ ಇಲ್ಲ, ನಿನ್ನ ಇಷ್ಟ" ಎಂದರು. ಮಾವನಿಗೂ ಅದು ಗೊತ್ತಿತ್ತು. ಹಕ್ಕಿದ್ದವನು ಮನೆಯಲ್ಲಿ ಮಲಗಿರುತ್ತಿದ್ದ, ಇವರು ಕೇಳಿ ಕೇಳಿ ಬರುತ್ತಿದ್ದರು.

ಆ ಜಗಲಿಯಲ್ಲಿ ಕೂರುವುದು ನನಗೂ ಸುಲಭವಿರಲಿಲ್ಲ. ಭಟ್ಕಳದ ಗುರುತಿನವರು ಯಾರಾದರೂ ಹಾದುಹೋದರೆ ನಾನು ಪತ್ರಿಕೆ ಎತ್ತಿ ಮುಖಕ್ಕೆ ಹಿಡಿಯುತ್ತಿದ್ದೆ. ಶ್ರಾವ್ಯಳ ತರಗತಿಯ ಹುಡುಗಿಯೊಬ್ಬಳು ಒಮ್ಮೆ ಅಪ್ಪ ಅಮ್ಮನ ಜೊತೆ ಅಲ್ಲಿಗೇ ಬಂದಳು. "ಇಲ್ಲಿ ಯಾಕೆ ಬಂದಿದ್ದೀ?" ಎಂದು ಆ ಹುಡುಗಿ ಕೇಳಿದಾಗ ನನ್ನ ಮಗಳು, "ನಮ್ಮ ಅಜ್ಜನಿಗೆ ಪೇಪರ್ ಓದುವುದೆಂದರೆ ಇಷ್ಟ" ಎಂದಳು. ಮಾವನಿಗೆ ಓದು ಬರುತ್ತಿರಲಿಲ್ಲ. ಅವರು ತಟ್ಟನೆ ಒಂದು ಪತ್ರಿಕೆ ಎಳೆದುಕೊಂಡು, ಆ ಸಂಸಾರ ಹೋಗುವವರೆಗೂ ಅದರ ಮೇಲೆ ಬಾಗಿ ಕೂತರು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಈ ನಡುವೆ ಮಂಜುನಾಥ ಮಗಳ ಖರ್ಚಿಗೆ ಕೊಡುವುದನ್ನೂ ನಿಲ್ಲಿಸಿದ. ವರ್ಷವಾಗುತ್ತ ಬಂದಾಗ ನಮ್ಮ ವಕೀಲರು ಕೋರ್ಟಿಗೆ ಅರ್ಜಿ ಹಾಕಿದರು. ಅದಕ್ಕೆ ಅವನು ಕೊಟ್ಟ ಉತ್ತರವನ್ನು ನಾನು ಎರಡೆರಡು ಸಲ ಓದಿದೆ. ನಾನು ಮಗಳನ್ನು ಅವನಿಗೆ ತೋರಿಸುತ್ತಲೇ ಇಲ್ಲ, ಹೊನ್ನಾವರಕ್ಕೆ ಹೋದಾಗಲೆಲ್ಲ ಜಗಳ ತೆಗೆದು ಕಳಿಸುತ್ತೇನೆ, ಮಗುವನ್ನೇ ತೋರಿಸದ ಮೇಲೆ ಖರ್ಚು ಕೊಡುವುದೇಕೆ, ಮಗಳನ್ನು ತನ್ನ ವಶಕ್ಕೇ ಕೊಡಬೇಕು ಎಂದು ಅವನು ಹೇಳಿದ್ದ. ಅದಕ್ಕೆ ಸಾಕ್ಷಿ ಯಾರೆಂದರೆ ಅವನ ಅಪ್ಪ. ಪ್ರತಿ ಭೇಟಿಗೂ ಹೋಗಿ ಬಂದ ಹಿರಿಯರು.

ನಾನು ಮಾವನಿಗೆ ಫೋನು ಮಾಡಲಿಲ್ಲ. ಏನೆಂದು ಕೇಳುವುದು? ಅವರು ಇರುವುದು ಮಗನ ಮನೆಯಲ್ಲಿ. ಎರಡು ಹೊತ್ತು ಊಟ ಹಾಕುವವಳು ಅವನ ಈಗಿನ ಹೆಂಡತಿ. ವಯಸ್ಸಾಗಿ ಗದ್ದೆ ಕೆಲಸವೂ ಮೊದಲಿನಂತೆ ಆಗುತ್ತಿರಲಿಲ್ಲ. ಆ ತಿಂಗಳ ಎರಡೂ ಭಾನುವಾರ ಅವರು ಬರಲಿಲ್ಲ. ಅವರೂ ಮಗನ ಕಡೆಗೆ ಹೋದರು ಎಂದು ನನ್ನ ಅಮ್ಮ ಮಲ್ಲಿಗೆ ಕಟ್ಟುತ್ತ ಹೇಳಿದಳು. "ಎಷ್ಟಂದ್ರೂ ಹೆತ್ತ ಮಗ ಅಲ್ದಾ?" ಎಂದಳು. ನಾನು ಅಲ್ಲ ಎನ್ನಲಿಲ್ಲ. ನನ್ನ ಮಾವನ ಬಗ್ಗೆ ಹಾಗೆ ಯೋಚಿಸಿದೆನಲ್ಲ ಎಂದು ಈಗ ನೆನೆದರೂ ಮುಖ ಬಿಸಿಯಾಗುತ್ತದೆ.

ಸಾಕ್ಷಿಯ ದಿನ ಮಾವ ಒಗೆದ ಬಿಳಿ ಅಂಗಿ ಹಾಕಿಕೊಂಡು ಮಗನ ಬೈಕಿನ ಹಿಂದೆ ಕೂತು ಬಂದರು. ನನ್ನ ಕಡೆ ನೋಡಲಿಲ್ಲ. ಹೆಸರು ಕರೆದಾಗ ಕಟಕಟೆ ಹತ್ತಿ, ಎರಡೂ ಕೈಯಲ್ಲಿ ಮುಂದಿನ ಮರ ಹಿಡಿದು ನಿಂತರು. ಮಗನ ವಕೀಲರು ಕೇಳಿದರು:

"ನೀವು ಹೊನ್ನಾವರಕ್ಕೆ ಮಗುವನ್ನು ನೋಡಲು ಹೋಗುತ್ತಿದ್ದಿರಿ, ಅಲ್ಲವೇ?"

"ಹೋತಿದ್ದೆ."

"ನಿಮ್ಮ ಮಗನಿಗೆ ಮಗುವನ್ನು ನೋಡಲು ತಾಯಿ ಬಿಡುತ್ತಿರಲಿಲ್ಲ ಅಲ್ಲವೇ?"

ಮಾವ ಏನೋ ಹೇಳಿದರು. ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಬೆರಳಚ್ಚು ಮಾಡುವಾಕೆ ಕೈ ನಿಲ್ಲಿಸಿ ತಲೆ ಎತ್ತಿದಳು. ನ್ಯಾಯಾಧೀಶರು, "ಜೋರಾಗಿ ಹೇಳಿ ಅಜ್ಜ, ಹೆದರಬೇಡಿ" ಎಂದರು.

ಮಾವ ಒಮ್ಮೆ ಮಗನ ಕಡೆ ನೋಡಿದರು. ಆಮೇಲೆ ಗದ್ದೆಯ ತುದಿಯಲ್ಲಿ ನಿಂತು ಕೂಗುತ್ತಿದ್ದ ಆ ದನಿಯಲ್ಲೇ ಹೇಳಿದರು:

"ಆ ಹೆಣ್ಣು ಒಂದು ದಿನವೂ ಇಲ್ಲ ಅಂದದ್ದಿಲ್ಲ. ಹತ್ತು ಗಂಟೆಗೆ ಕೂಸನ್ನ ತಂದು ಕೂರಿಸ್ತಿತ್ತು. ನನ್ನ ಮಗ ಹೋತಿರಲಿಲ್ಲ. ಕೂಸು ಸುಮ್ನೆ ಕಾಯೂದು ಬೇಡ ಅಂತ ನಾ ಹೋತಿದ್ದೆ."

ಹೊರಗೆ ವರಾಂಡದಲ್ಲಿ ನಿಂತಿದ್ದವರೂ ಬಾಗಿಲಿಗೆ ಬಂದು ಇಣುಕಿದರು. ಮಗನ ವಕೀಲರು ಇನ್ನೇನೋ ಕೇಳಲು ಹೋಗಿ ಬಿಟ್ಟರು. ಮಂಜುನಾಥ ಮೊಬೈಲನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದ. ನ್ಯಾಯಾಧೀಶರು ಅವನನ್ನು ಎಬ್ಬಿಸಿ ನಿಲ್ಲಿಸಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಮಗುವನ್ನು ತೋರಿಸದಿದ್ದರೂ ಅದರ ಊಟ, ಓದಿನ ಖರ್ಚು ನಿಲ್ಲಿಸುವ ಹಾಗಿಲ್ಲ, ಅದು ತಾಯಿಗೆ ಮಾಡುವ ಉಪಕಾರವಲ್ಲ, ಮಗುವಿಗೆ ಸಲ್ಲಬೇಕಾದದ್ದು. ಇಲ್ಲಿ ತೋರಿಸಿದ್ದಾರೆ, ನೋಡಲು ನೀವೇ ಹೋಗಿಲ್ಲ. ಹಕ್ಕು ಬೇಕು ಎಂದು ಕೇಳಿ ಪಡೆದವರು ನೀವು.

ನಾನು ಗೆದ್ದಿದ್ದೆ. ನಮ್ಮ ವಕೀಲರು ನನ್ನ ಕಡೆ ತಿರುಗಿ ನಕ್ಕರು, ನಾನೂ ನಕ್ಕೆ. ಹಾಗೆ ನಗುತ್ತಿರುವಾಗಲೇ ಮಾವ ಕಟಕಟೆಯಿಂದ ಇಳಿದು ಬಂದರು. ಮೆಟ್ಟಿಲು ಕಾಣದವರಂತೆ ಕಾಲಿನಿಂದ ತಡವುತ್ತಿದ್ದರು. ನನ್ನ ನಗು ಅವರಿಗೆ ಕಂಡಿತೋ ಇಲ್ಲವೋ ತಿಳಿಯದು. ತುಂಬಿದ ಸಭೆಯಲ್ಲಿ ಮಗನ ಮಾನ ಕಳೆದು ಬಂದ ಅಪ್ಪನ ಮುಖ ಅದು. ಎಲ್ಲಾದರೂ ಇಂಗಿಹೋಗಬೇಕು ಅನ್ನಿಸಿತು ನನಗೆ.

ಮಂಜುನಾಥ ಬೈಕು ಹತ್ತಿ ಒಬ್ಬನೇ ಹೋಗಿಬಿಟ್ಟ. ಮಾವ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ನಾನು ಹಿಂದಿನಿಂದ ಹೋಗಿ ಕರೆದೆ. ಅವರು ನಿಂತರು, ತಿರುಗಲಿಲ್ಲ.

"ಮಾವ, ನೀವು ದೊಡ್ಡ ಉಪಕಾರ ಮಾಡಿದಿರಿ."

"ಹಾಗೆ ಹೇಳ್ಬೇಡ ತಂಗಿ. ನಂಗೆ ಮತ್ತೂ ನಾಚಿಕೆ ಆತದೆ. ಇದ್ದದ್ದು ಹೇಳ್ದೆ. ಅದೂ ಎರಡನೇ ಸಲ ಕೇಳಿದ ಮೇಲೆ."

"ಮೊದಲನೇ ಸಲ ಏನು ಹೇಳಿದಿರಿ?"

"ಗೊತ್ತಿಲ್ಲ ಅಂದಿದ್ದೆ" ಎಂದರು.

ಮನೆಯಲ್ಲಿ ಮಗ ಅವರೊಡನೆ ಮಾತು ಬಿಟ್ಟ. ಮಾವ ಹೊನ್ನಾವರಕ್ಕೆ ಬರುವುದನ್ನೂ ಬಿಟ್ಟರು. ಖರ್ಚು ಈಗ ಕೋರ್ಟಿನ ಮೂಲಕ ಬರುತ್ತಿತ್ತು. ಬೆಂಚು ಮಾತ್ರ ಖಾಲಿ. ಶ್ರಾವ್ಯ ಅಪ್ಪನನ್ನು ಕೇಳುತ್ತಿರಲಿಲ್ಲ, ಅಜ್ಜ ಯಾಕೆ ಬರುವುದಿಲ್ಲ ಎಂದು ಕೇಳುತ್ತಿದ್ದಳು. ನಾನು ವಕೀಲರ ಹತ್ತಿರ ಹೋಗಿ ಅಜ್ಜನ ಹೆಸರನ್ನೂ ಆದೇಶದಲ್ಲಿ ಸೇರಿಸಲು ಆಗುತ್ತದೆಯೇ ಎಂದು ಕೇಳಿದೆ. ತಾಯಿಯೇ ಕೇಳಿದರೆ ಕೋರ್ಟು ಒಪ್ಪಬಹುದು ಎಂದರು. ಒಪ್ಪಿತು. ಆ ಸುದ್ದಿ ಹೇಳಲು ಮಗಳನ್ನು ಕರೆದುಕೊಂಡು ನಾನೇ ಬಾಡಕ್ಕೆ ಹೋದೆ. ಮನೆಗೆ ಹೋಗಲಿಲ್ಲ, ಗದ್ದೆಗೆ ಹೋದೆ. ಮಾವ ಬದನೆ ಸಾಲಿನಲ್ಲಿ ಕೂತು ಕಳೆ ಕೀಳುತ್ತಿದ್ದರು.

"ಇನ್ನು ಬರ್ಲಾ ಅಂತ ನನ್ನ ಕೇಳಬೇಡಿ, ಮಾವ. ನಿಮ್ಮ ಹೆಸರೂ ಸೇರಿಸಿದ್ದಾರೆ" ಎಂದೆ.

ಅವರು ಎದ್ದು ಮಣ್ಣಿನ ಕೈಯನ್ನು ಟವೆಲಿಗೆ ಒರೆಸಿಕೊಂಡರು. "ಕೋರ್ಟೇ ಹೇಳಿತಾ?" ಎಂದು ಕೇಳಿದರು. ಹೌದು ಎಂದೆ. "ಹಂಗಾದ್ರೆ ಬತ್ತೆ" ಎಂದರು. ಮೊಮ್ಮಗಳನ್ನು ಕರೆದು ನವಿಲು ಮೊಟ್ಟೆ ಇಟ್ಟ ಜಾಗ ತೋರಿಸಲು ಹೋದರು.

ಆ ಮೇಲೆ ಎರಡು ವರ್ಷ, ಮಳೆಯಿರಲಿ ಬಿಸಿಲಿರಲಿ, ಅವರು ತಪ್ಪಿಸಲಿಲ್ಲ. ಮೂರನೆಯ ವರ್ಷ ಉಬ್ಬಸ ಜೋರಾಯಿತು. ಬಸ್ಸು ಹತ್ತಲು ಆಗುವುದಿಲ್ಲ ಎಂದು ನೆರೆಮನೆಯವರಿಂದ ಫೋನು ಮಾಡಿಸಿದರು. ಆ ಭಾನುವಾರ ನಾವೇ ಬಾಡಕ್ಕೆ ಹೋದೆವು. ಹಿಂದೆ ನಾನು ರಂಗೋಲಿ ಹಾಕುತ್ತಿದ್ದ ಅಂಗಳ ದಾಟುವಾಗ ಕಾಲು ತೊಡರಿತು. ಮಾವ ಜಗಲಿಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಮಂಜುನಾಥನ ಬೈಕು ಹೊರಗೇ ಇತ್ತು, ಅವನು ಒಳಗಿನಿಂದ ಬರಲಿಲ್ಲ. ಅವನ ಹೆಂಡತಿ ನಮಗೆ ಎರಡು ಲೋಟ ಪಾನಕ ತಂದಿಟ್ಟು, ಶ್ರಾವ್ಯಳ ತಲೆ ಮುಟ್ಟಿ ಒಳಗೆ ಹೋದಳು.

ಮಾವ ಮೊಮ್ಮಗಳ ಹತ್ತಿರ ಶಾಲೆಯ ಸುದ್ದಿ ಕೇಳಿದರು. ಅವಳು ಅಂಗಳಕ್ಕೆ ಇಳಿದ ಮೇಲೆ ನನ್ನನ್ನು ಹತ್ತಿರ ಕರೆದರು. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳಬೇಕಾಗಿತ್ತು.

"ಅಂವ ಯಾವತ್ತಾದ್ರೂ ಕೂಸನ್ನ ನೋಡೂಕೆ ಬಂದ್ರೆ, ನನ್ನ ಮುಖ ನೋಡಿ ಬಿಡ್ಬೇಡ."

"ಹಾಗೆಂದರೆ?"

"ಅವನ ಅಪ್ಪ ಒಳ್ಳೇವ ಇದ್ದಿದ್ದ, ಹೋಗ್ಲಿ ಅಂತ ಕೂಸಿನ ಹತ್ರ ಬಿಡೂದು ಬೇಡ. ಅವನ ಮುಖ ನೋಡು. ಅದ್ರಲ್ಲಿ ಎಂತಾದ್ರೂ ಕಂಡ್ರೆ ಬಿಡು."

ಒಳಗಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಈ ಮಾತು ಅಲ್ಲಿಗೆ ಕೇಳಿಸಿರಬಹುದು. ಮಾವ ಅದಕ್ಕಾಗಿಯೇ ಹೇಳಿದರೋ ಏನೋ. ಹೊರಡುವಾಗ ಎದ್ದು ಕೂರಲು ನೋಡಿದರು, ಆಗಲಿಲ್ಲ. ಕೈ ಎತ್ತಿದರು.

ಮಳೆಗಾಲ ಹಿಡಿಯುವ ಮೊದಲೇ ಅವರು ಹೋದರು. ಸುದ್ದಿ ಬಂದ ಕೂಡಲೇ ಹೋದೆವು. ಕಾನೂನಿನ ಲೆಕ್ಕದಲ್ಲಿ ನಾನು ಆ ಮನೆಗೆ ಯಾರೂ ಅಲ್ಲ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನೆರೆಹೊರೆಯವರ ಜೊತೆ ಬೇಲಿಯ ಹತ್ತಿರ ನಿಂತೆ. ಶ್ರಾವ್ಯಳನ್ನು ಯಾರೋ ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ಎಲ್ಲ ಮುಗಿದ ಮೇಲೆ ಮಂಜುನಾಥ ಒದ್ದೆ ಪಂಚೆಯಲ್ಲೇ ಬೇಲಿಯವರೆಗೆ ಬಂದ. "ಬರುವ ಭಾನುವಾರ ನಾನು ಹೊನ್ನಾವರಕ್ಕೆ ಬರ್ತೇನೆ" ಎಂದ. ನಾನು ಅವನ ಮುಖ ನೋಡಿದೆ. ಅತ್ತು ಅತ್ತು ಕೆಂಪಾಗಿತ್ತು. ಆ ದಿನ ಅದರಲ್ಲಿ ಏನು ಕಂಡರೂ ಅದು ಅಪ್ಪ ಸತ್ತವನ ಮುಖವೇ ಆಗಿರುತ್ತಿತ್ತು. "ಹತ್ತು ಗಂಟೆಗೆ" ಎಂದಷ್ಟೇ ಹೇಳಿದೆ.

ಬಂದ. ಹೇಳಿದ ಹೊತ್ತಿಗೇ ಬಂದ. ಬೆಳೆದ ಮಗಳ ಹತ್ತಿರ ಏನು ಮಾತಾಡಬೇಕೆಂದು ತಿಳಿಯದೆ ಅವಳ ಚಪ್ಪಲಿಯ ಅಳತೆ ಕೇಳಿದ. ಮುಂದಿನ ಸಲ ಒಂದು ಜೊತೆ ತಂದ, ಅದು ಚಿಕ್ಕದಾಯಿತು. ಆಮೇಲೆ ಒಮ್ಮೆ ಬರುತ್ತಾನೆ, ಎರಡು ಸಲ ಬರುವುದಿಲ್ಲ. ನಾನು ಜಗಳ ಮಾಡುವುದಿಲ್ಲ, ಮಗಳನ್ನು ಕರೆದೊಯ್ಯುವುದನ್ನು ನಿಲ್ಲಿಸುವುದೂ ಇಲ್ಲ. ಅವನು ಬಾರದ ದಿನ ಅವನ ಬದಲಿಗೆ ಬರಲು ಈಗ ಯಾರೂ ಇಲ್ಲ. ಶ್ರಾವ್ಯ ಒಳಗಿನಿಂದ ಪುಸ್ತಕ ತಂದು ಓದುತ್ತ ಕೂರುತ್ತಾಳೆ. ಅವಳು ಗಂಟೆ ನೋಡುವುದನ್ನು ಬಿಟ್ಟಿದ್ದಾಳೆ. ನಾನು ಮಾತ್ರ ಹನ್ನೊಂದರ ಸುಮಾರಿಗೆ, ಕುಮಟಾದ ಬಸ್ಸು ಬರುವ ಹೊತ್ತಿಗೆ, ಗೇಟಿನ ಕಡೆ ನೋಡುತ್ತೇನೆ. ನಾನು ಕಾಯುವುದು ಅವಳ ಅಪ್ಪನನ್ನಲ್ಲ.